ಮಾವ ಎಡಿಟಿಂಗ್ ಕಲಿತದ್ದು

ನನ್ನ ಸೋದರಮಾವನಷ್ಟು ಕತ್ತರಿಗೆ ಹೆದರುವ ಮನುಷ್ಯ ಪುತ್ತಿಗೆಯಲ್ಲಿ ಇನ್ನೊಬ್ಬನಿರಲಾರ. ಕ್ಷೌರಕ್ಕೇನೋ ಧೈರ್ಯವಾಗಿ ಕೂರುತ್ತಾರೆ! ಆದರೆ ತಾವು ತೆಗೆದ ವಿಡಿಯೋಗೆ ಮಾತ್ರ ಯಾರೂ ಕತ್ತರಿ ಹಾಕಬಾರದು. ಕ್ಯಾಸೆಟ್ಟಿನ ಕಾಲದಲ್ಲಿ ಊರಿನ ಮದುವೆಗಳಿಗೆಲ್ಲ ಅವರದೇ ಕ್ಯಾಮರಾ. ಮದುವೆ ಮೂರು ಗಂಟೆಯದಾದರೆ ಕ್ಯಾಸೆಟ್ಟೂ ಮೂರು ಗಂಟೆ. ಗಲ್ಫಿನಲ್ಲಿ ಕೂತು ನೋಡುವ ಅಣ್ಣನೋ ಮಗನೋ “ನಮ್ಮ ಅಜ್ಜಿ ಬರಲಿಲ್ಲವಾ?” ಎಂದು ಕೇಳುವಂತಾಗಬಾರದಲ್ಲ!

ಅಂಥವರು ಕಳೆದ ತಿಂಗಳು ನಾಯ್ಮಾರ್ಮೂಲೆಯ ನನ್ನ ಸ್ಟುಡಿಯೋಗೆ ಎರಡು ಗೋಣಿ ಕ್ಯಾಸೆಟ್ ಹೊತ್ತು ತಂದರು. ಅತ್ತೆ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ವರ್ಷಾಂತಿಕದ ದಿನ ಮನೆಯವರಿಗೆ ತೋರಿಸಲು ಅತ್ತೆಯದೊಂದು ಐದು ನಿಮಿಷದ ವಿಡಿಯೋ ಆಗಬೇಕು, ಅದನ್ನು ತಾನೇ ಮಾಡಬೇಕು ಎಂದು ಅವರ ಹಟ. ಕಷ್ಟವೆಂದರೆ, ಊರಿನವರನ್ನೆಲ್ಲ ತೆಗೆದ ಮಾವ ಹೆಂಡತಿಯನ್ನು ಒಮ್ಮೆಯೂ ತೆಗೆದಿರಲಿಲ್ಲ. ತೆಗೆಯುವುದಾದರೂ ಹೇಗೆ? ಅವರ ಹಿಂದೆ ದೊಡ್ಡ ಲೈಟು ಹಿಡಿದು ನಿಲ್ಲುತ್ತಿದ್ದವರೇ ಅತ್ತೆ!

“ಎಲ್ಲಿಯಾದರೂ ಒಂದು ಕಡೆ ಸಿಕ್ಕಿಯಾಳು,” ಎಂದರು ಮಾವ.

ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿ ಪಾಠ ಶುರುಮಾಡಿದೆ. ಹಿಂದೆ ಎರಡು ವಿಸಿಆರ್ ಎದುರುಬದುರು ಇಟ್ಟು ಕ್ಯಾಸೆಟ್ಟಿನ ನಕಲು ತೆಗೆಯುವಾಗ, ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದವರು ಅವರು. “ಈಗ ಹಾಗಿಲ್ಲ ಮಾವ, ಯಾವ ತುಂಡನ್ನು ಎಲ್ಲಿ ಬೇಕಾದರೂ ಇಡಬಹುದು,” ಎಂದು ಊಟದ ತುಂಡನ್ನು ಎಳೆದು ಧಾರೆಯ ಮುಂದಿಟ್ಟೆ.

“ಧಾರೆ ಆಗುವ ಮೊದಲು ಊಟ ಬಡಿಸುದಾ? ಹುಡುಗಿ ಕಡೆಯವರು ಎಂತ ಹೇಳಿಯಾರು ಮಾರಾಯ!”

ಎರಡನೆಯ ಪಾಠ ಕೀಬೋರ್ಡಿನದು. ಮೌಸ್ ಮುಟ್ಟದೆ ಒಂದು ಕೀಲಿಯಿಂದ ಓಡಿಸುವುದು, ಇನ್ನೊಂದರಿಂದ ತುಂಡರಿಸುವುದು, ಮತ್ತೊಂದರಿಂದ ಅಳಿಸುವುದು. ಪಂಕ್ತಿಯಲ್ಲಿ ಪಾಯಸ ಉಣ್ಣುತ್ತಿದ್ದ ಅಜ್ಜರೊಬ್ಬರನ್ನು ಅಳಿಸಿ ತೋರಿಸಿದೆ. ಖಾಲಿಯಾದ ಜಾಗಕ್ಕೆ ಮುಂದಿನ ತುಂಡು ತಾನಾಗಿ ಬಂದು ಕೂತಿತು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

“ಅವರು ದೇಲಂಪಾಡಿಯಿಂದ ಜೀಪು ಮಾಡಿಕೊಂಡು ಬಂದವರು! ತೆಗೆದ್ರೆ ಬೇಜಾರು ಮಾಡ್ತಾರೆ.”

“ಅವರು ತೀರಿಹೋಗಿ ಹತ್ತು ವರ್ಷ ಆಯ್ತಲ್ಲ ಮಾವ?”

“ಮಕ್ಕಳು ಇದ್ದಾರಲ್ಲ!”

ಅಜ್ಜರನ್ನು ಪಂಕ್ತಿಗೆ ವಾಪಸು ಕೂರಿಸಿದ ಮೇಲೆಯೇ ಮಾವ ಕೂತದ್ದು.

ಹೀಗೆ ವಾರವಿಡೀ ಹುಡುಕಿದರೂ ಅತ್ತೆ ಸಿಗಲಿಲ್ಲ. ವರ್ಷಾಂತಿಕಕ್ಕೆ ಉಳಿದದ್ದು ನಾಲ್ಕೇ ದಿನ. ನನಗೆ ಗಡಿಬಿಡಿ. “ತುಂಡಿನ ತಲೆ, ಬಾಲ ಬರೀ ಕಸ ಮಾವ,” ಎನ್ನುತ್ತಾ ಕ್ಯಾಮರಾ ಅಲುಗಾಡಿ ನೆಲ ತೋರಿಸುವಲ್ಲೆಲ್ಲ ಚಕಚಕನೆ ಅಳಿಸುತ್ತಾ ಹೋದೆ.

“ತಡಿ, ತಡಿ! ಈಗ ತೆಗೆದದ್ದು ವಾಪಸು ಹಾಕು.”

ಹಾಕಿದೆ. ಕ್ಯಾಮರಾ ನಿಲ್ಲಿಸಲು ಮರೆತು ಮಾವ ಹಿಂದಕ್ಕೆ ತಿರುಗಿದ್ದರು. ಚಪ್ಪಲಿಗಳು, ವಯರು, ಆಮೇಲೆ ಅತ್ತೆ! ಒಂದು ಕೈಯಲ್ಲಿ ಲೈಟು ಹಿಡಿದು, ಇನ್ನೊಂದು ಕೈಯಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದಾರೆ. “ನನ್ನನ್ನು ಎಂತಕ್ಕೆ ತೆಗಿಯುದು ಮಾರಾಯ್ರೆ? ಮದುಮಗಳನ್ನು ತೆಗೀರಿ!”

ಅಷ್ಟೇ. ನಾಲ್ಕು ಸೆಕೆಂಡು. ಉಳಿದ ಕ್ಯಾಸೆಟ್ಟುಗಳನ್ನೂ ನೋಡಿ ಮುಗಿಸಿದೆವು, ಬೇರೆಲ್ಲೂ ಅತ್ತೆ ಇರಲಿಲ್ಲ. ಮಾವ ಆ ತುಂಡನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದರು:

“ಇದನ್ನು ಐದು ನಿಮಿಷ ಮಾಡ್ಲಿಕ್ಕೆ ಆಗ್ತದಾ?”

ನಾನು ಆ ತುಂಡಿನ ಪಕ್ಕದಲ್ಲಿ ಅದನ್ನೇ ಇನ್ನೊಮ್ಮೆ ಇಟ್ಟೆ. “ಆಗ್ತದೆ ಮಾವ,” ಎಂದೆ.