ಛತ್ರಿ ಮೊದಲೋ, ಬಸ್ಸು ಮೊದಲೋ

ಗುಡುಸಾಬ: ಬಿಟ್ಟು ಹೋದ್ಳು.

ನಾನು: ಎಲ್ಲಿ ಬಿಟ್ಟು ಹೋದ್ಳಲೇ? ಬಂದ್ಳು.

ಗುಡುಸಾಬ: ಬಸ್ಸಿನಾಗ ಮಾರಿ ತಿರುವಿ ಕುಂತಾಳ. ಬಂದಾಕಿ ಹಂಗ ಕುಂದರ್ತಾಳೇನು?

ನಾನು: ಆ ಸಿಟ್ಟು ಇಳದು, ಬಸ್ಸಿಂದೂ ಇಳದಾಳ. ಮುಂದ ನೋಡು, ಒಂದ ಛತ್ರಿ ಕೆಳಗ ಇಬ್ಬರೂ ನಡದಾರ.

ಗುಡುಸಾಬ: ಛತ್ರಿ ಮೊದಲಿಂದು. ಬಸ್ಸು ಕಡೀದು.

ನಾನು: ಬಸ್ಸು ಮೊದಲಿಂದು. ಛತ್ರಿ ಕಡೀದು. ಸೂಜಿ ಪೋಣಿಸಿ ಪೋಣಿಸಿ ನಿನ್ನ ಕಣ್ಣು ಹೋಗ್ಯಾವ.

ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಅಂಟಿದ ಸಾಲಿನಲ್ಲಿ ನನ್ನದು ಬಾಡಿಗೆ ಸೈಕಲ್ ಅಂಗಡಿ. ಪಕ್ಕದ್ದು ಗುಡುಸಾಬನ ಹೊಲಿಗೆ ಅಂಗಡಿ. ಹೆಂಗಸರ ಕುಪ್ಪಸಕ್ಕೆ ಅವನ ಕೈ ಬಿಟ್ಟರೆ ಬೇರೆ ಕೈ ಇಲ್ಲ. ನಮ್ಮಿಬ್ಬರಿಗೂ ಐವತ್ತು ದಾಟಿದೆ, ಇಬ್ಬರಿಗೂ ಮೊಮ್ಮಕ್ಕಳಿದ್ದಾರೆ. ಆ ಮಧ್ಯಾಹ್ನ ನಾವು ಜಗಳಾಡುತ್ತಿದ್ದದ್ದು ಕಾಲೇಜು ಹುಡುಗಿಯರು ಓದುವ ಒಂದು ವಾರಪತ್ರಿಕೆಯ ಚಿತ್ರ ಧಾರಾವಾಹಿಯ ಬಗ್ಗೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇ. ಆದರೆ ಒಂದು ವಾರದ ಸಂಚಿಕೆ ತಪ್ಪಿದರೆ ಆಗುವ ಸಂಕಟ ಈ ನಾಚಿಕೆಗಿಂತ ದೊಡ್ಡದು.

ಪತ್ರಿಕೆಯನ್ನು ನಾನು ತರುವುದು ಸೊಸೆಯ ಹೆಸರಿನಲ್ಲಿ. ಓಣಿಯಲ್ಲಿ ಯಲಗೂರಪ್ಪ ಎಂದರೆ ಬಿಗಿ ಮನುಷ್ಯ ಎಂದು ಹೆಸರು. ಶಾಲೆಗೆ ಹೋಗುವ ಹುಡುಗಿಯರ ಕೈಯಲ್ಲಿ ಇಂಥ ಪುಸ್ತಕ ಕಂಡರೆ ನಿಲ್ಲಿಸಿ ಬುದ್ಧಿ ಹೇಳುತ್ತೇನೆ. ಹೇಳುತ್ತಲೇ ಅದು ಯಾವ ವಾರದ್ದು ಎಂದು ಓರೆಗಣ್ಣಿನಿಂದ ನೋಡಿಕೊಳ್ಳುತ್ತೇನೆ. ಹಳೆಯ ಟೈರುಗಳ ರಾಶಿಯ ಹಿಂದೆ ಕೂತು ನಾನು ಓದಿ ಮುಗಿಸಿದ ಮೇಲೆಯೇ ಪತ್ರಿಕೆ ಮನೆಗೆ ಹೋಗುತ್ತದೆ. ನಾಯಕಿಯ ಕೆನ್ನೆಯ ಮೇಲೆ ವಾರ ವಾರವೂ ಗ್ರೀಸಿನ ಕಪ್ಪು ಬೆರಳು ಮೂಡಿರುವುದು ಏಕೆಂದು ಸೊಸೆ ಒಂದು ದಿನವೂ ಕೇಳಿಲ್ಲ. ಒಳ್ಳೆಯ ಮನೆತನದ ಹುಡುಗಿ.

ಮನೆಗೆ ಹೋಗುವ ಮೊದಲು ಗುಡುಸಾಬ ಅದನ್ನು ಒಂದು ಗಳಿಗೆ ಕೇಳಿ ಒಯ್ಯುತ್ತಿದ್ದ. ಕುಪ್ಪಸದ ನಮೂನೆ ನೋಡಲಿಕ್ಕೆ ಎನ್ನುತ್ತಿದ್ದ, ನಾನು ನಂಬಿದ್ದೆ. ಅವನು ಕಲಿತದ್ದು ಉರ್ದು, ಕನ್ನಡ ಅಕ್ಷರ ಬಾರದು. ಆದರೆ ಆ ಧಾರಾವಾಹಿಗೆ ಅಕ್ಷರದ ಹಂಗು ಹೆಚ್ಚಿಗೆ ಇರಲಿಲ್ಲ. ನಡುವಿನ ಎರಡು ಪುಟಗಳ ಉದ್ದಕ್ಕೂ ಒಂದೇ ಸಾಲಿನಲ್ಲಿ ನಾಲ್ಕು ದೊಡ್ಡ ಚಿತ್ರ, ಮಾತು ಎಲ್ಲೋ ಒಂದೊಂದು. ಸುಲೋಚನಾ ಎಂಬ ಹುಡುಗಿ, ಶೇಖರ ಎಂಬ ಹುಡುಗ. ಕಾಫಿ ಕುಡಿಯುತ್ತಾರೆ, ಮಳೆಯಲ್ಲಿ ನಿಲ್ಲುತ್ತಾರೆ, ಲೈಬ್ರರಿಯ ಪುಸ್ತಕ ತಿರುಗಿ ಕೊಡುತ್ತಾರೆ, ವಾರಕ್ಕೊಮ್ಮೆ ಮುನಿಸು, ವಾರಕ್ಕೊಮ್ಮೆ ರಾಜಿ. ಇಷ್ಟೇ ಕಥೆ. ಇಷ್ಟಕ್ಕೆ ನನ್ನ ಜೀವ ವಾರವಿಡೀ ಚಡಪಡಿಸುತ್ತಿತ್ತು.

ಪಕ್ಕದ ಅಂಗಡಿಯಲ್ಲಿ ಇನ್ನೊಂದು ಜೀವವೂ ಚಡಪಡಿಸುತ್ತಿದೆ ಎಂದು ಗೊತ್ತಾದದ್ದು ಗುಡುಸಾಬನ ಹೆಂಡತಿ ಹುಸೇನಬಿಯಿಂದ. ಟಿಕೋಟಾದಲ್ಲಿ ಅವಳ ಅಣ್ಣನ ಮಗಳ ಮದುವೆ ಇತ್ತು. ಮದುವೆಗೆಂದು ಅವಳು ಕೊಟ್ಟ ಬಟ್ಟೆಗೆ ಈ ಮಹಾರಾಯ ಸುಲೋಚನಾಳ ಕುಪ್ಪಸದಂಥ ಪಫ್ ತೋಳು ಇಟ್ಟು ಹೊಲಿದು ಗಂಟು ಕಟ್ಟಿ ಕೊಟ್ಟಿದ್ದ. ಅವಳು ಗಂಟು ಬಿಚ್ಚಿದ್ದು ಮದುವೆಮನೆಯಲ್ಲೇ. ಬೇರೆ ಕುಪ್ಪಸ ಒಯ್ದಿರಲಿಲ್ಲ, ಅದನ್ನೇ ತೊಟ್ಟಳು. ತೋಳಿನಾಗ ಎರಡು ಬದನಿಕಾಯಿ ಬಚ್ಚಿಟ್ಟುಕೊಂಡು ಬಂದೀಯೇನು ಎಂದು ಅತ್ತಿಗೆ ಬೀಗರ ಮುಂದೆ ಕೇಳಿದಳಂತೆ. ಮದುವೆ ಮುಗಿದರೂ ಹುಸೇನಬಿ ತಿರುಗಿ ಬರಲಿಲ್ಲ. ಪತ್ರಿಕೆಯ ಆ ಪಫ್ ತೋಳಿನವಳನ್ನೇ ಕರೆತಂದು ಬಾಳುವೆ ಮಾಡಲಿ ಎಂದು ಹೇಳಿ ಕಳಿಸಿದಳು.

ಸಂತೆಯ ಮೇಲೆ ಸಂತೆ ಕಳೆಯಿತು. ಗುಡುಸಾಬ ಚಹಾ ಬ್ರೆಡ್ಡಿನ ಮೇಲೆ ದಿನ ನೂಕುತ್ತಿದ್ದ. ಹೋಗಿ ಕರಕೊಂಡು ಬಾ ಎಂದು ನಾನು ದಿನಾಲೂ ಹೇಳುತ್ತಿದ್ದೆ, ಅವನು ದಿನಾಲೂ ತಲೆ ಅಲ್ಲಾಡಿಸುತ್ತಿದ್ದ. ಆ ಮಧ್ಯಾಹ್ನ ಹೇಳುವಾಗ, ಹೋಗುವಾಗ ಒಂದು ಮೊಳ ಮಲ್ಲಿಗೆ ಒಯ್ಯಿ ಎಂದು ಸೇರಿಸಿದೆ. ಅವನು ಆ ವಾರದ ಪತ್ರಿಕೆಯನ್ನು ನನ್ನ ಮುಂದೆ ಹಾಸಿ, ಹೂ ಒಯ್ದವನ ಗತಿ ನೋಡು ಎಂದ. ನಮ್ಮ ಜಗಳ ಹತ್ತಿದ್ದು ಅಲ್ಲಿಂದ.

ಗುಡುಸಾಬ: ಪಫ್ ತೋಳಿನಾಕಿ ಛತ್ರಿ ಕೆಳಗ ನಕ್ಕೋತ ಬಂದಿದ್ಳು. ಈ ಬೆಲ್‌ಬಾಟಮ್ ಸುಮ್ನಿರಬೇಕಿಲ್ಲ? ಹೂ ಚಾಚಿದ. ಆಕಿ ಬಸ್ಸಿನ ಮೆಟ್ಟಿಲ ಮ್ಯಾಲೆ ಕಾಲಿಟ್ಳು. ಇಂವಾ ಕಿಡಕಿ ಕೆಳಗ ಕೈ ಮುಗದು ನಿಂತ. ಆಕಿ ಮಾರಿ ತಿರುವಿದ್ಳು. ಮುಗೀತು.

ನಾನು: ಅಂವಗ ಹೆಸರೈತಿ. ಶೇಖರ.

ಗುಡುಸಾಬ: ಶೇಖರ ಇರ್ಲಿ ಶಂಕರ ಇರ್ಲಿ, ಆ ಪ್ಯಾಂಟಿನ ಕಾಲಾಗ ಒಂದು ಸಂಸಾರ ವಸ್ತಿ ಮಾಡಬೌದು.

ನಾನು: ಕುಪ್ಪಸದ ನಮೂನಿ ನೋಡಾಕ ಒಯ್ತೀನಿ ಅಂತಿದ್ದಿ.

ಗುಡುಸಾಬ: ನೀ ಸೊಸಿಗಿ ಒಯ್ತೀನಿ ಅಂತಿದ್ದಿ.

ಇಬ್ಬರೂ ಸ್ವಲ್ಪ ಹೊತ್ತು ರೈಲು ಹಳಿಯ ಕಡೆ ನೋಡಿದೆವು. ರೈಲೇನೂ ಬರಲಿಲ್ಲ.

ಮುಚ್ಚಿಡುವುದು ಏನೂ ಉಳಿಯದ್ದರಿಂದ ಗುಡುಸಾಬ ಮನಸ್ಸು ಬಿಚ್ಚಿದ. ಮೊದಲಿನಿಂದ ಹಿಂಗೇ ನಡೆದಿದೆ ಎಂದ. ಇಬ್ಬರೂ ನಗುನಗುತ್ತ ಕಾಫಿ ಕುಡಿಯುತ್ತಾರೆ, ಕಡೆಗೆ ಅವಳು ಕಣ್ಣೊರೆಸಿಕೊಂಡು ಒಬ್ಬಳೇ ಕೂತಿರುತ್ತಾಳೆ. ಅವನು ಪುಸ್ತಕ ಕೊಡುತ್ತಾನೆ, ಕಡೆಗೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಏನು ಕೊಟ್ಟರೂ ಹೆಣ್ಣುಮಕ್ಕಳಿಗೆ ಸಿಟ್ಟೇ ಬರುತ್ತದೆ, ದೂರ ಇದ್ದರೆ ತಾವೇ ತಣ್ಣಗಾಗುತ್ತಾರೆ ಎಂಬ ತೀರ್ಮಾನಕ್ಕೆ ಅವನು ಬಂದಿದ್ದ. ಕೇಳುತ್ತ ಕೇಳುತ್ತ ನನಗೆ ತಲೆ ತಿರುಗಿತು. ನಾನು ಓದಿದ ಕಥೆಯೇ ಅದು, ಆದರೆ ಕಾಲು ಮೇಲೆ ತಲೆ ಕೆಳಗೆ.

ನಾನು: ಗುಡುಸಾಬ, ಒಂದನೇ ಚಿತ್ರದ ಮ್ಯಾಲೆ ಕೈ ಇಡು.

ಅವನು ಬಲತುದಿಯ ಛತ್ರಿಯ ಮೇಲೆ ಕೈ ಇಟ್ಟ. ನನ್ನ ಕೈ ಎಡತುದಿಯ ಬಸ್ಸಿನ ಮೇಲಿತ್ತು.

ನಾನು: ಆ ಕಡಿಂದ ಸುರು ಮಾಡು ಅಂತ ಯಾರು ಹೇಳಿದ್ರು ನಿಂಗ?

ಗುಡುಸಾಬ: ಮೌಲವಿ ಸಾಹೇಬ್ರು. ಬೆತ್ತ ಹಿಡದು ಕಲಿಸ್ಯಾರ.

ನಾನು: ಬಲದಿಂದ ಎಡಕ್ಕ ಹೋಗೂದು ಉರ್ದು ಓದಾಕ.

ಗುಡುಸಾಬ: ಚಿತ್ರದಾಗ ಉರ್ದು ಯಾವುದು, ಕನ್ನಡ ಯಾವುದು? ಎಲ್ಲಿ ನೋಡಿದ್ರೂ ಛತ್ರಿ ಛತ್ರೀನ ಅಲ್ಲೇನು?

ಅವನ ಕೈ ಹಿಡಿದು ಎಡತುದಿಗೆ ಒಯ್ದು, ಅಲ್ಲಿಂದ ಒಂದೊಂದೇ ಚಿತ್ರ ದಾಟಿಸಿದೆ. ಮುನಿದು ಕೂತವಳು, ಕೈ ಮುಗಿದು ನಿಂತವನು, ಮೆಟ್ಟಿಲ ಮೇಲೊಂದು ನೆಲದ ಮೇಲೊಂದು ಕಾಲು ಇಟ್ಟು ಹೂವಿಗೆ ಕೈ ಚಾಚಿದವಳು, ಕಡೆಗೆ ಛತ್ರಿ. ಗುಡುಸಾಬ ಎರಡು ಸಲ ಹೋಗಿ ಬಂದ. ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೊಂದು ಸಲ ಹೋಗಿ ಬಂದ.

ಗುಡುಸಾಬ: ಅಂದ್ರ ಆಕಿ ವಾರಾ ವಾರಾ ಖುಷೀಲೇ ಮನಿಗಿ ಹೋಗ್ತಿದ್ಳು?

ನಾನು: ವಾರಾ ವಾರಾ.

ಗುಡುಸಾಬ: ಮತ್ತ ನಾ ಯಾಕ ಇಷ್ಟ ದಿನಾ ಆಕಿ ಸಂಬಂಧ ಹೊಟ್ಟ್ಯಾಗ ಬೆಂಕಿ ಇಟಗೊಂಡಿದ್ದೆ?

ಅವನ ಮಾರಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂತ.

ಗುಡುಸಾಬ: ಖರೆ ಹೇಳ್ತೀನಿ ಯಲಗೂರಪ್ಪ. ಹುಸೇನಬಿ ಇಲ್ಲದ ಮನ್ಯಾಗ ತುತ್ತು ಇಳೀವಲ್ದು. ಟಿಕೋಟಾಕ್ಕ ಹೋಗಬೇಕಂತ ದಿನಾ ಅನಸ್ತೈತಿ. ಹೋದ್ರ ಇನ್ನಷ್ಟ ಸಿಟ್ಟಾಗಿ ಪೂರಾನ ಬಿಟ್ಟಾಳು ಅಂತ ಅಂಜಿ ಕುಂತೀನಿ.

ನನ್ನ ನಗು ನಿಂತಿತು. ಇಷ್ಟು ವರ್ಷ ಪಕ್ಕದಲ್ಲಿ ಕೂತವನು ಹೀಗೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅಕಲು ಇದ್ದವನಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದೆ, ಗಂಡ ಹೆಂಡತಿಯ ವಿಷಯ ಅವರವರಿಗೆ ಬಿಟ್ಟದ್ದು ಎನ್ನುತ್ತಿದ್ದೆ. ಆದರೆ ನಾನು ಎಡದಿಂದ ಬಲಕ್ಕೆ ಓದಬಲ್ಲವನು, ಆ ಅಹಂಕಾರ ಎಲ್ಲಿಗೆ ಹೋದೀತು? ಹೆಣ್ಣಿನ ಮನಸ್ಸೆಂದರೇನು, ಹೂವೆಂದರೇನು, ಕೈ ಮುಗಿಯುವ ಹದ ಯಾವುದು ಎಂದು ಅವನಿಗೆ ಪಾಠ ಮಾಡಿದೆ. ಶೇಖರನ ಮಾತು ಕೇಳಿ ನಾನೂ ಒಮ್ಮೆ ಮಲ್ಲಿಗೆ ಒಯ್ದಿದ್ದೆ. ನನ್ನ ಹೆಂಡತಿ ದುಂಡವ್ವ ಅದನ್ನು ದೇವರಿಗೆ ಏರಿಸಿ, ಎಲ್ಲಿ ಬಿದ್ದು ಬಂದ್ರಿ ಎಂದು ನನ್ನ ಕೈಕಾಲು ಒತ್ತಿ ಒತ್ತಿ ನೋಡಿದ್ದಳು. ಈ ಸಂಗತಿಯನ್ನು ಪಾಠದಲ್ಲಿ ಸೇರಿಸಲಿಲ್ಲ.

ಗುಡುಸಾಬ ಮಾರಿ ತೊಳೆದ. ಗಿರಾಕಿಯೊಬ್ಬನಿಗೆ ಹೊಲಿದಿಟ್ಟಿದ್ದ ಹೊಸ ಅಂಗಿ ತೊಟ್ಟ. ಇವತ್ತೊಂದಿನ ಹಾಕೊಂಡ್ರ ಸವೀತದೇನು ಎಂದು ನನ್ನನ್ನೇ ಕೇಳಿದ. ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಎರಡೂ ಅಂಗಡಿ ಕಾಯುತ್ತ, ಒಂದು ಸಂಸಾರ ಕೂಡಿಸಿದ ಪುಣ್ಯವನ್ನು ಅನುಭವಿಸುತ್ತ ಕೂತೆ.

ಪುಣ್ಯ ಬಹಳ ಹೊತ್ತು ಬಾಳಲಿಲ್ಲ. ಹೊಲಿಗೆ ಅಂಗಡಿಯ ಮುಂದೆ ಟಾಂಗಾ ಬಂದು ನಿಂತಿತು. ಗಂಟು ಹಿಡಿದು ಇಳಿದವಳು ಹುಸೇನಬಿ.

ಹುಸೇನಬಿ: ಅಣ್ಣಾರ, ನಮ್ಮನಿಯವರೆಲ್ಲಿ?

ನಾನು: ನಿನ್ನ ಕರಿಯಾಕ ಟಿಕೋಟಾಕ್ಕ ಹೋಗ್ಯಾನ, ತಂಗಿ. ಹೂ ತಗೊಂಡು.

ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಹುಸೇನಬಿ ಗಂಟನ್ನು ಕಟ್ಟೆಯ ಮೇಲೆ ಕುಕ್ಕಿ ತಾನೂ ಕುಸಿದು ಕೂತಳು.

ಆಮೇಲೆ ಅವಳು ಹೇಳಿದ್ದು ಇಷ್ಟು. ಅವಳ ಸಿಟ್ಟು ಇಳಿದು ಬಹಳ ದಿನವಾಗಿತ್ತು. ಇಳಿಯದೆ ಇದ್ದದ್ದು ಅಣ್ಣನ ಸಿಟ್ಟು. ಗುಡುಸಾಬ ಬಂದು ನಾಲ್ಕು ಮಂದಿ ಹಿರಿಯರ ಮುಂದೆ ತಪ್ಪಾಯಿತು ಅನ್ನುವ ತನಕ ತಂಗಿಯನ್ನು ಕಳಿಸುವುದಿಲ್ಲ ಎಂದು ಅವನು ಪಟ್ಟು ಹಿಡಿದಿದ್ದ. ತನ್ನ ಗಂಡ ಮಂದಿಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಹುಸೇನಬಿಗೆ ಬೇಕಿರಲಿಲ್ಲ. ಅದಕ್ಕೆ ಅವಳೇ ಒಂದು ದಾರಿ ಹುಡುಕಿದಳು. ನಮ್ಮನಿಯವರು ಜ್ವರದಿಂದ ನೆಲ ಹಿಡಿದಿದ್ದಾರಂತೆ, ಸಾರವಾಡ ಊರಿನವರೊಬ್ಬರು ಬಂದು ಹೇಳಿದರು ಎಂದು ಕಣ್ಣೀರು ಹಾಕಿದಳು. ಅಣ್ಣ ಗಾಬರಿಯಾಗಿ ತಾನೇ ಬಸ್ಸಿಗೆ ಹತ್ತಿಸಿ, ಜೋಪಾನ ಮಾಡು ಎಂದು ಕಳಿಸಿದ್ದ.

ಹುಸೇನಬಿ: ಇವರು ಬರೂದಿಲ್ಲ ಅಂತ ನಂಗ ಪೂರಾ ಭರೋಸಾ ಇತ್ತು. ಅದನ್ನ ನಂಬಿ ಸುಳ್ಳ ಹೇಳೀನಿ. ಈಗ ನೆಲ ಹಿಡದ ಮನಷಾ ಹೊಸಾ ಅಂಗಿ ಹಾಕ್ಕೊಂಡು, ಮಲ್ಲಿಗಿ ಹಿಡಕೊಂಡು ನಮ್ಮಣ್ಣನ ಬಾಗಲಾಗ ನಿಂದರ್ತಾನ.

ನಾನು: ಹೊಸಾ ಅಂಗಿ ಅಂತ ನಿಂಗ ಹ್ಯಾಂಗ ಗೊತ್ತಾತು?

ಹುಸೇನಬಿ: ಗಿರಾಕೀದು. ನನ್ನ ನೋಡಾಕ ಬಂದಾಗೂ ಗಿರಾಕೀದ ಹಾಕ್ಕೊಂಡು ಬಂದಿದ್ರು. ಅದಿರ್ಲಿ, ಇವರಿಗೆ ಟಿಕೋಟಾಕ್ಕ ಹೋಗು ಅಂತ ಯಾರು ಹೇಳಿದ್ರು?

ನಾನು ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೋ ಎಂದು ಬಹಳ ಗಮನವಿಟ್ಟು ನೋಡತೊಡಗಿದೆ. ಗುಳ್ಳೆ ಏಳಲಿಲ್ಲ, ಹುಸೇನಬಿ ಎದ್ದಳು. ಗಂಟು ಎತ್ತಿಕೊಂಡು, ಆ ಟಾಂಗಾದವನಿಗೆ ನಿಲ್ಲಲು ಹೇಳಿದಳು.

ಹುಸೇನಬಿ: ಏಳ್ರಿ ಅಣ್ಣಾರ.

ನಾನು: ಎಲ್ಲಿಗಿ?

ಹುಸೇನಬಿ: ಟಿಕೋಟಾಕ್ಕ. ಜ್ವರಾ ನೆತ್ತಿಗೇರಿ, ಮೈಮ್ಯಾಲಿನ ಕಬರ ಇಲ್ಲದಂಗ ಹೂ ಹಿಡಕೊಂಡು ಓಡಿ ಬಂದಾರ, ನಾವು ಬೆನ್ನ ಹತ್ತಿ ಬಂದೀವಿ ಅಂತ ಹೇಳೂದು. ನೀವು ಡಾಕ್ಟರ.

ನಾನು: ನಾ ಪಂಕ್ಚರ್ ತಗಿಯಾಂವ, ತಂಗಿ.

ಹುಸೇನಬಿ: ನಮ್ಮಣ್ಣಗ ನಿಮ್ಮ ಗುರುತಿಲ್ಲ. ಸುಮ್ನ ನಾಡಿ ಹಿಡದು ಕುಂದರ್ರಿ, ಸಾಕು.

ನಾನು: ಮದ್ದು ಏನಂತ ಕೇಳಿದ್ರ?

ಹುಸೇನಬಿ: ಬಾಯಿ ಮಾತ್ರ ಬಿಚ್ಚಬ್ಯಾಡ್ರಿ ಅಣ್ಣಾರ. ನೀವು ಕೊಟ್ಟ ಮದ್ದಿನಿಂದನ ಅವರಿಗೆ ಜ್ವರಾ ಬಂದೈತಿ.