ನನ್ನ ಮುಖದ ಮಾಲೀಕರು ಚೀಕಲಪರ್ವಿಯಲ್ಲಿದ್ದಾರೆ

ಫೋಟೊ ಕಲಿಸುವವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕ್ಯಾಮೆರಾ ಚೀಲ ಹೆಗಲಿಗೇರಿಸಿದರೆ ಸಾಕು, ಅವೂ ಜೊತೆಗೇ ಬಸ್ಸು ಹತ್ತುತ್ತವೆ. ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಅವು ಒಂದೂ ಬಸ್ಸು ತಪ್ಪಿಸಿಕೊಂಡಿಲ್ಲ.

೧. ಬೋರ್ಡು

ಬೆಂಗಳೂರಿಗೆ ಎರಡು ದಿನದ ಕಾರ್ಯಾಗಾರಕ್ಕೆ ಹೋದ ನಮ್ಮ ಪ್ರಿನ್ಸಿಪಾಲರು ಮೂರನೆಯ ದಿನ ಬೇರೆಯೇ ಮನುಷ್ಯರಾಗಿ ವಾಪಸು ಬಂದರು. ಬಂದವರೇ ನನ್ನ ತರಗತಿಯ ಬಾಗಿಲ ಮೇಲೆ ಬೋರ್ಡು ಹೊಡೆಸಿದರು: "ಅಂತರರಾಷ್ಟ್ರೀಯ ಮಾರುಕಟ್ಟೆಗೆ ಛಾಯಾಗ್ರಾಹಕರ ತಯಾರಿ ಕೇಂದ್ರ." ಒಳಗೆ ಇದ್ದದ್ದು ಮಿಣಮಿಣ ಅನ್ನುವ ಒಂದು ಟ್ಯೂಬ್‌ಲೈಟು, ಕಾಲು ಮುರಿದ ಒಂದು ಸ್ಟ್ಯಾಂಡು, ಐದು ಜನ ವಿದ್ಯಾರ್ಥಿಗಳು. ಅಂತರರಾಷ್ಟ್ರೀಯ ಮಾರುಕಟ್ಟೆ ನಡುಗಿತೋ ಇಲ್ಲವೋ ಗೊತ್ತಿಲ್ಲ, ನಾನಂತೂ ನಡುಗಿದೆ.

"ನೋಡ್ರಿ ಸರ್, ಈ ವರ್ಷ ಒಬ್ಬರದಾದ್ರೂ ಫೋಟೊ ಫಾರಿನ್ ಕಂಪನಿಯವರು ಆರಿಸ್ಬೇಕು. ಇಲ್ಲಾಂದ್ರ ಈ ಖೋಲಿ ಹೊಲಿಗಿ ವಿಭಾಗಕ್ಕ ಕೊಡ್ತೀವಿ" ಎಂದರು ಪ್ರಿನ್ಸಿಪಾಲರು.

"ಮತ್ತ ನಾನ್ರಿ?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗ ಕಾಜಾ ಹಾಕಾಕ ಬರ್ತದೇನು?"

೨. ಕೋಟು

ವಿದೇಶಿ ಸಂಸ್ಥೆಯೊಂದು ಹಳ್ಳಿಯ ಬದುಕಿನ ಸಹಜ ಚಿತ್ರಗಳನ್ನು ಕೇಳಿತ್ತು. ತಿದ್ದಿದ ಚಿತ್ರ ಬೇಡವೇ ಬೇಡ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. "ಇದ್ದದ್ದು ಇದ್ದಂಗೆ ಒಂದು ಮುಖ ತೆಗೆದುಕೊಂಡು ಬನ್ನಿ" ಎಂದು ಮೊದಲ ಮನೆಗೆಲಸ ಕೊಟ್ಟೆ.

ಮಾನ್ವಿಯ ಒಬ್ಬ ವಿದ್ಯಾರ್ಥಿಯ ತಂದೆಯದು ಅಲ್ಲಿ ಸ್ಟುಡಿಯೊ. ಆ ಸ್ಟುಡಿಯೊದ ಸಂಪ್ರದಾಯ ಭಾರೀ ಗಟ್ಟಿ. ಪಾಸ್‌ಪೋರ್ಟ್ ಸೈಜಿನ ಫೋಟೊಗೆ ಬನಿಯನ್ ಮೇಲೆ ಹೋದವನೂ ಕಂಪ್ಯೂಟರಿನಲ್ಲಿ ಕೋಟು ತೊಟ್ಟೇ ಹೊರಬರುತ್ತಾನೆ. ಇಡೀ ತಾಲ್ಲೂಕಿಗೆ ಕೋಟು ಒಂದೇ, ತಲೆ ಮಾತ್ರ ಬೇರೆ ಬೇರೆ. ಆ ಪರಂಪರೆಯ ಕುಡಿ, ಅಕ್ಕಿ ಗಿರಣಿಯ ಹಮಾಲನೊಬ್ಬನ ಚಿತ್ರ ತಂದ. ಹಮಾಲ ಕೋಟು ತೊಟ್ಟಿದ್ದ. ಹೆಗಲ ಮೇಲೆ ಭತ್ತದ ಚೀಲ, ಹಿಂದೆ ಹಿಮದ ಬೆಟ್ಟ.

"ಇದೇನಪ್ಪಾ?"

"ಫಾರಿನ್‌ನವರಿಗೆ ಅಲ್ರೀ ಸರ್ ಕಳ್ಸೋದು? ಅವರ ಊರು ಅವರಿಗೆ ಕಂಡ್ರ ಖುಷಿ ಆಗ್ತದಂತ ಹಾಕೀನಿ."

"ಕೋಟು?"

"ಬೆಟ್ಟದಾಗ ಥಂಡಿ ಇರಂಗಿಲ್ಲೇನ್ರಿ?"

೩. ರೇಷ್ಮೆ ಸೀರೆ

ನನ್ನ ಆಸೆಯೆಲ್ಲ ದೇವದುರ್ಗದ ಕಡೆಯ ವಿದ್ಯಾರ್ಥಿನಿಯ ಮೇಲಿತ್ತು. ಮಾತು ಕಡಿಮೆ, ಕಣ್ಣು ಚುರುಕು. ಅವಳ ತಾಯಿ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಕೂಲಿ. ಆ ಕೆಲಸದ ಫೋಟೊ ತೆಗೆಯೋಣವೆಂದು ಐವರನ್ನೂ ಕರೆದುಕೊಂಡು ಹೋದೆ.

ಕ್ಯಾಮೆರಾ ಕಂಡದ್ದೇ ಹೊಲ ಖಾಲಿ. ಅರ್ಧ ಗಂಟೆಯಾದ ಮೇಲೆ ಎಲ್ಲರೂ ಮದುವೆ ಸೀರೆ ಉಟ್ಟು, ಪೌಡರು ಬಳಿದು, ಹತ್ತಿ ಸಾಲಿನ ನಡುವೆ ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಂತರು.

"ಯವ್ವಾ, ದಿನಾ ಹೆಂಗ ಕೆಲಸ ಮಾಡ್ತೀರಿ, ಹಂಗ ಮಾಡ್ರಿ" ಎಂದೆ.

ತಾಯಿ ನಕ್ಕಳು. "ಬಗ್ಗಿ ಕಳೆ ತೆಗಿಯೋದು ದಿನಾ ಇರ್ತದಲ್ರೀ ಮಾಸ್ತರ. ರೇಷ್ಮಿ ಉಡೋದು ವರ್ಷಕ್ಕ ಒಮ್ಮಿ. ಅಪರೂಪದ್ದು ಯಾವುದು, ನೀವ ಹೇಳ್ರಿ."

ಅಪರೂಪದ ಕ್ಷಣವನ್ನು ಹಿಡಿಯಿರಿ ಎಂದು ತರಗತಿಯ ಗೋಡೆಗೆ ಬರೆಸಿದವನು ನಾನೇ. ತೆಪ್ಪಗೆ ಸಾಲಾಗಿ ನಿಲ್ಲಿಸಿ ತೆಗೆಸಿದೆ.

೪. ಒಪ್ಪಿಗೆ ಪತ್ರ

ಚಿತ್ರ ಕಳಿಸುವ ಕೊನೆಯ ದಿನಾಂಕಕ್ಕೆ ಒಂದು ವಾರವಿತ್ತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮನೆಯಲ್ಲಿ ಹರಿದ ಅಂಗಿಗಳಿಗೆ ಗುಂಡಿ ಹಚ್ಚುವುದನ್ನು ಗುಟ್ಟಾಗಿ ಕಲಿಯತೊಡಗಿದ್ದೆ. ಅಷ್ಟರಲ್ಲಿ ಚೀಕಲಪರ್ವಿಯ ಹೊಳೆದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಅಜ್ಜನೊಬ್ಬನ ಚಿತ್ರವನ್ನು ವಿದ್ಯಾರ್ಥಿನಿ ತೆಗೆದಳು. ಬೆಳಕು ಅದ್ಭುತವಾಗಿತ್ತು, ಅಜ್ಜ ಕೋಟು ಹಾಕಿರಲಿಲ್ಲ.

ಆದರೆ ಚಿತ್ರದಲ್ಲಿ ಮುಖ ಕಂಡವರ ಸಹಿ ಬೇಕು, ಅದು ವಿದೇಶದ ನಿಯಮ. ಅವಳನ್ನೂ ಮಾನ್ವಿಯ ಹುಡುಗನನ್ನೂ ಕರೆದುಕೊಂಡು ಹೋಗಿ, ಇಂಗ್ಲಿಷಿನ ಎರಡು ಪುಟ ಅಜ್ಜನ ಮುಂದಿಟ್ಟೆ. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರಾಗ ನನ್ನ ಹೊಲದ ಸರ್ವೆ ನಂಬರ್ ಎಲ್ಲಿ ಬರದೀರಿ?"

"ಹೊಲದ್ದಲ್ಲ ಯಪ್ಪಾ. ನಿನ್ನ ಮಾರಿ ಎಲ್ಲಾ ದೇಶದಾಗೂ ತೋರಸಾಕ ಒಪ್ಪಿಗಿ, ಅಷ್ಟ."

"ಎಷ್ಟು ದಿನ?"

"ಕಾಯಂ."

ಅಜ್ಜ ಬಲೆ ಕೆಳಗಿಟ್ಟ. ಊರ ಮಂದಿ ಸೇರಿದರು. ಬಹಳ ಹೊತ್ತು ಚರ್ಚೆಯಾಗಿ ತೀರ್ಪು ಬಂತು. ಅಜ್ಜನೇ ಹೇಳಿದ: "ನನ್ನ ಮಾರಿ ನಿನಗ ಬರದು ಕೊಡ್ತೀನಿ. ನಿನ್ನ ಮಾರಿ ನನಗ ಬರದು ಕೊಡು. ಲೆಕ್ಕ ಸಮಾ."

ಬಸ್ಸಿಗೆ ಹೊತ್ತಾಗಿತ್ತು. ಮಾನ್ವಿಯ ಹುಡುಗ ಅದೇ ಪತ್ರವನ್ನು ಕನ್ನಡದಲ್ಲಿ ಬರೆದ. ಊರವರೆಲ್ಲ ಬಗ್ಗಿ ನೋಡುತ್ತಿರುವಾಗ, ನನ್ನ ಮುಖದ ಸಕಲ ಹಕ್ಕುಗಳನ್ನು ಭೂಮಂಡಲದಾದ್ಯಂತ ಕಾಯಂ ಆಗಿ ಅಜ್ಜನಿಗೆ ಬಿಟ್ಟುಕೊಟ್ಟು ಸಹಿ ಹಾಕಿದೆ. ಅಜ್ಜ ಇಂಗ್ಲಿಷ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ನನ್ನ ಪತ್ರವನ್ನು ಹೊಲದ ಪಹಣಿಯ ಜೊತೆ ಟ್ರಂಕಿನಲ್ಲಿಟ್ಟ.

೫. ಮುಖ

ತಿಂಗಳ ನಂತರ ಸಂಸ್ಥೆಯಿಂದ ಪತ್ರ ಬಂತು. ವಿದ್ಯಾರ್ಥಿನಿಯ ಚಿತ್ರ ಆಯ್ಕೆಯಾಗಿತ್ತು! ಕುಣಿಯಬೇಕೆಂದು ಎದ್ದವನು ಚಿತ್ರ ನೋಡಿ ಕೂತೆ. ಅದು ಬಲೆಯ ಚಿತ್ರವಲ್ಲ. ಅವಳು ಯಾವ ಮಾಯದಲ್ಲೋ ತೆಗೆದು, ಅದರ ಜೊತೆಗೇ ಕಳಿಸಿದ್ದು: ಕೂದಲು ಕೆದರಿ, ಬೆವರಿಳಿಸಿಕೊಂಡು ಸಹಿ ಹಾಕುತ್ತಿರುವ ನಾನು, ನನ್ನ ಕೈಯನ್ನೇ ಕಾಯುತ್ತಿರುವ ಅಜ್ಜ. ಇಬ್ಬರ ಮುಖ ಮಾತ್ರ ಸ್ಪಷ್ಟ. ಅಜ್ಜನ ಪತ್ರ ಇತ್ತು, ನನ್ನದು ಬೇಕಾಗಿತ್ತು.

ಪೆನ್ನು ತೆಗೆದೆ. ಮಾತು ಕಡಿಮೆಯ ಹುಡುಗಿ ಆಗಲೇ ಬಾಯಿ ಬಿಡಬೇಕೆ?

"ಸರ್, ಹಕ್ಕು ಯಾರದಿರ್ತದೋ ಅವರ ಸಹಿ ಬೇಕಂತ ನೀವ ಕಲಿಸೀರಿ. ನಿಮ್ಮ ಮಾರಿ ನಿಮ್ಮದಲ್ಲಲ್ರೀ."

ಸರಿ, ನನ್ನ ಮುಖಕ್ಕೆ ಅನುಮತಿ ಕೇಳಲು ಮಾನ್ವಿಯ ಹುಡುಗನನ್ನು ಕರೆದುಕೊಂಡು ಮತ್ತೆ ಚೀಕಲಪರ್ವಿಗೆ ಹೋದೆ. ಅಜ್ಜ ಚಿತ್ರ ನೋಡಿ ಮುಖ ಕಿವುಚಿದ. "ಇಷ್ಟು ಕೆಟ್ಟದಾಗಿ ಕಳಸ್ತೀಯೇನು? ಈಗದು ನನ್ನ ಮಾರಿ. ನನಗೂ ಒಂದು ಮರ್ಯಾದಿ ಅದ."

ಬೇಡಿಕೊಂಡೆ. ಖೋಲಿ ಹೋಗುತ್ತದೆ, ಹುಡುಗಿಯ ಅವಕಾಶ ಹೋಗುತ್ತದೆ ಎಂದೆ. ಕೊನೆಗೆ ರಾಜಿಯಾಯಿತು. ಪರದೇಶಕ್ಕೆ ಇದ್ದಂಗೆ ಹೋಗಲಿ, ಅಜ್ಜನ ಮನೆಗೆ ಮಾತ್ರ ಚಂದದ್ದೊಂದು ಬೇಕು. ಮಾನ್ವಿಯ ಹುಡುಗ ಲ್ಯಾಪ್‌ಟಾಪ್ ತೆರೆದ. ಅವನ ವಿದ್ಯೆಗೆ ಅಂದೇ ಬೆಲೆ ಬಂತು. ಅಜ್ಜ ಹೆಬ್ಬೆಟ್ಟು ಒತ್ತಿದ.

ಹುಡುಗಿಯ ಚಿತ್ರ ಹೊರದೇಶ ಸೇರಿತು, ಅಲ್ಲಿಂದ ಅವಳಿಗೆ ಕೆಲಸವೂ ಬಂತು. ಖೋಲಿ ಉಳಿಯಿತು. ಸಿಹಿ ಹಿಡಿದುಕೊಂಡು ಅಜ್ಜನ ಮನೆಗೆ ಹೋದರೆ, ಗೋಡೆಯ ಮೇಲೆ ನಾನಿದ್ದೆ. ಮಾನ್ವಿಯ ಕೋಟು ತೊಟ್ಟು, ಹಿಮದ ಬೆಟ್ಟದ ಮುಂದೆ. ಗೋಡೆಯ ಫೋಟೊ ಬರಿದಾಗಿರಬಾರದೆಂದು ಅಜ್ಜ ಹೂವಿನ ಹಾರವನ್ನೂ ಹಾಕಿದ್ದ.

ಚಹಾ ಕುಡಿಯುತ್ತಿದ್ದೆ. ಪಕ್ಕದ ಮನೆಯ ಮುದುಕಿ ಬಂದಳು. ಫೋಟೊ ನೋಡಿ ಲೊಚಗುಟ್ಟಿದಳು. "ಪಾಪ, ಹೋಗೋ ವಯಸ್ಸಲ್ಲ."

"ಯವ್ವಾ, ಅದು ನಾನ!" ಎಂದೆ.

ಮುದುಕಿ ನನ್ನನ್ನು ನೋಡಿದಳು, ಫೋಟೊ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಸುಮ್ನ ಕುಂದ್ರೋ ಯಪ್ಪಾ. ಅಂವ ನೋಡಾಕ ಚಂದ ಇದ್ದ."