ನಮ್ಮ ಮಾಡಿನ ಮೇಲಿನ ಸರಾಸರಿ ಮೋಡ

ಘನತೆವೆತ್ತ ಹವಾಮಾನ ಮಾದರಿಯವರ ತಂಪು ಸನ್ನಿಧಾನಕ್ಕೆ,

ಮಾನ್ಯರೇ,

ಎಸಿ ಕೋಣೆಯಲ್ಲಿ ಕುಳಿತು ಇಡೀ ಭೂಮಿಯ ಮುಂದಿನ ನೂರು ವರ್ಷದ ಸೆಕೆಯನ್ನು ಲೆಕ್ಕ ಹಾಕುತ್ತಿರುವ ತಮ್ಮಂತಹ ದೊಡ್ಡ ಕಂಪ್ಯೂಟರಿಗೆ, ಉಪ್ಪುಂದದ ಶೀಟಿನ ಮಾಡಿನ ಕೆಳಗೆ ಎಂಟು ತಿಂಗಳ ಹೆಣ್ಣುಮಗುವನ್ನು ಮಲಗಿಸಲು ಹೆಣಗುತ್ತಿರುವ ವಿನಯಾ ಮಾಡುವ ನಮಸ್ಕಾರಗಳು. ತಾವು ತಣ್ಣಗಿದ್ದೀರೆಂದು ನಂಬಿದ್ದೇನೆ. ತಮ್ಮನ್ನು ತಣ್ಣಗಿಡಲು ಬೇಕಾಗುವ ಕರೆಂಟಿನಲ್ಲಿ ಚೂರು ನಮ್ಮೂರಿಗೆ ಬಂದಿದ್ದರೂ ನಾನು ಈ ಪತ್ರ ಬರೆಯದೆ ನಿದ್ದೆ ಮಾಡುತ್ತಿದ್ದೆ.

ನಾನು ಬಿಎಸ್ಸಿ ಓದಿದವಳು, ಹಾಗಾಗಿ ತಮ್ಮ ಸಂಕಟ ಅರ್ಥವಾಗುತ್ತದೆ. ಕೆಳಗಿನ ದಪ್ಪ ಬಿಳಿ ಮೋಡ ಕೊಡೆಯಂತೆ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮೇಲಿನ ತೆಳು ಮೋಡ ಬಿಸಿಲನ್ನು ಒಳಗೆ ಬಿಟ್ಟು, ನೆಲದ ಕಾವನ್ನು ಹೊರಗೆ ಹೋಗಗೊಡದೆ ಕಂಬಳಿ ಹೊದಿಸುತ್ತದೆ. ಭೂಮಿ ಕಾದಂತೆಲ್ಲ ಕೊಡೆಗಳೆಷ್ಟು ಉಳಿದಾವು, ಕಂಬಳಿಗಳೆಷ್ಟು ಹೆಚ್ಚಿಯಾವು ಎಂಬುದು ತಮಗಿನ್ನೂ ಸರಿಯಾಗಿ ತಿಳಿದಿಲ್ಲ. ತಮ್ಮ ನಕ್ಷೆಯ ಒಂದು ಚೌಕ ಸುಮಾರು ನೂರು ಕಿಲೋಮೀಟರಂತೆ. ಅಂದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ, ಗಂಗೊಳ್ಳಿಯ ದೋಣಿಗಳು, ಆಚೆಯ ಘಟ್ಟ, ಈಚೆಯ ಸಮುದ್ರ, ನನ್ನ ಮಗಳ ತೊಟ್ಟಿಲು ಎಲ್ಲಕ್ಕೂ ಸೇರಿ ಒಂದೇ ಸರಾಸರಿ ಮೋಡ. ಇಂತಹ ಸಮಾನತೆಯನ್ನು ಯಾವ ಸರಕಾರವೂ ತಂದಿರಲಿಲ್ಲ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಕಾಯುತ್ತದೆ ಎಂದು ಕೇಳಿದರೆ, ಎರಡು ಡಿಗ್ರಿ ಇರಬಹುದು, ಐದೂ ಇರಬಹುದು ಎನ್ನುತ್ತೀರಿ. ಈ ಪ್ರಾಮಾಣಿಕತೆಗೆ ತಲೆಬಾಗಿದ್ದೇನೆ. ಆದರೆ ಎರಡು ಸಂಖ್ಯೆ ಕೊಟ್ಟರೆ ಒಂದೇ ಮನೆಯಲ್ಲಿ ಗಂಡ ಒಂದನ್ನೂ ಹೆಂಡತಿ ಇನ್ನೊಂದನ್ನೂ ಹಿಡಿದುಕೊಂಡು ಕೂರುತ್ತಾರೆಂಬುದು ತಮ್ಮ ಲೆಕ್ಕಕ್ಕೆ ಬರಲಿಲ್ಲವೇ?

ಮಗುವಿನ ಬೆನ್ನ ತುಂಬ ಬೆವರುಗುಳ್ಳೆ ಎದ್ದಿದೆ, ಮಾಡಿಗೆ ಬಿಳಿ ಬಣ್ಣ ಬಳಿಸೋಣ, ಬಿಸಿಲು ಬಂದ ದಾರಿಯಲ್ಲೇ ಹಿಂದೆ ಹೋಗಲಿ ಎಂದು ನಾನು ಮಾರ್ಚಿನಿಂದ ಹೇಳುತ್ತಿದ್ದೇನೆ. ಬೈಂದೂರಿನ ನಮ್ಮ ಹೋಟೆಲಿನ ಗಲ್ಲಾದಲ್ಲಿ, ಫ್ಯಾನಿನ ನೇರ ಕೆಳಗೆ ಕೂರುವ ನಮ್ಮನೆಯವರು ಉಮಾನಾಥರು ತಾವು ಕೊಟ್ಟ ಎರಡು ಡಿಗ್ರಿಯ ಚಿಕ್ಕ ಸಂಖ್ಯೆಯನ್ನು ಮೊಬೈಲಿನಲ್ಲಿ ಓದಿಕೊಂಡು ಬಂದು, “ಮೋಡವೇ ಕೊಡಿ ಹಿಡಿತ್ತಂಬ್ರ್ ಮಾರಾಯ್ತಿ, ನಾವ್ ಎಂತಕ್ ಪೈಂಟ್ ಬಳಿಯೂದ್?” ಎಂದರು. ತಾವು ಸಂಶಯವೆಂದು ಬರೆದದ್ದನ್ನು ಅವರು ರಜೆಯೆಂದು ಓದಿಕೊಂಡರು. ಅತ್ತೆ ಸುಂದರಿಯಮ್ಮನವರಂತೂ ತಮಗಿಂತ ಧೈರ್ಯವಂತರು. “ಮೋಡ ಬಂತಲೆ, ಇನ್ನ್ ತಂಪಾತ್ತ್ ಕಾಣ್” ಎಂದು ದಿನವೂ ಭವಿಷ್ಯ ಹೇಳಿದರು, ದಿನವೂ ತಪ್ಪಿದರು. ಆದರೆ ತಪ್ಪಿದ ಮೇಲೆ ಬೀಸಣಿಗೆ ಹಿಡಿದು ಮೊಮ್ಮಗಳ ಪಕ್ಕ ಕೂತರು. ತಾವು ತಪ್ಪಿದಾಗ ಎಲ್ಲಿ ಕೂರುತ್ತೀರಿ?

ಕಳೆದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, “ಹ್ವಾಯ್, ಒಂದ್ ಗಳ್ಗಿ ಮಗಿನ್ ಕಾಣಿ” ಎಂದು ತೊಟ್ಟಿಲ ಹಗ್ಗವನ್ನು ಉಮಾನಾಥರ ಕೈಗೆ ಕೊಟ್ಟು ಬಟ್ಟೆ ಒಗೆಯಲು ಹೋದೆ. ಒಗೆದದ್ದನ್ನೇ ಮತ್ತೆ ಒಗೆದೆ. ಆಕಾಶದಲ್ಲಿ ಕಂಬಳಿ ಜಾತಿಯ ಮೋಡ, ಕರೆಂಟೂ ಇಲ್ಲ. ಸ್ವಲ್ಪ ಹೊತ್ತಿಗೆ ಅಳುವ ಮಗುವನ್ನೆತ್ತಿಕೊಂಡು, ಅಂಗಿಯನ್ನು ಬೆನ್ನಿಗೆ ಅಂಟಿಸಿಕೊಂಡು ತಮ್ಮ ಚಿಕ್ಕ ಸಂಖ್ಯೆ ಅಂಗಳಕ್ಕೆ ಬಂತು. “ಎಂತ ಸೆಕಿಯೇ ಇದ್! ಮನ್ಷ ಬೆಂದೇ ಹೋತ” ಎಂದಿತು. ಮರುದಿನ ಕುಂದಾಪುರದಿಂದ ಬಿಳಿ ಬಣ್ಣದ ಡಬ್ಬಿ ಬಂತು. ತಮ್ಮ ಸಾವಿರಾರು ಪ್ರೊಸೆಸರುಗಳಿಂದಾಗದ್ದನ್ನು ಒಂದು ತೊಟ್ಟಿಲು ಮಾಡಿತು.

ಇನ್ನು ನನ್ನ ಸಣ್ಣ ಕೋರಿಕೆಗಳು. ಆ ತೊಟ್ಟಿಲಿಗೆ ಪ್ರತ್ಯೇಕ ಚೌಕವೊಂದನ್ನು ದಯಪಾಲಿಸಬೇಕು. ಪ್ರತಿ ಮೋಡವೂ ತಾನು ಕೊಡೆಯೋ ಕಂಬಳಿಯೋ ಎಂದು ಹೊಟ್ಟೆಯ ಮೇಲೆ ಬರೆದುಕೊಂಡೇ ಉಪ್ಪುಂದವನ್ನು ದಾಟಬೇಕೆಂದು ಸಮುದ್ರಕ್ಕೆ ಸುತ್ತೋಲೆ ಹೊರಡಿಸಬೇಕು. ಗಲ್ಲಾದಲ್ಲಿ ಕೂರುವವರಿಗೆ ಕೊಡುವ ಪ್ರತಿಯಲ್ಲಿ ದೊಡ್ಡ ಸಂಖ್ಯೆಯನ್ನು ಮಾತ್ರ ಅಚ್ಚು ಹಾಕಿಸಬೇಕು. ಇದ್ಯಾವುದೂ ಆಗದಿದ್ದರೆ ನಮ್ಮ ಮಾಡಿನ ಬಿಳುಪನ್ನಾದರೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿಲನ್ನು ಖಚಿತವಾಗಿ ಹಿಂದೆ ಕಳಿಸುವ ವಸ್ತುವೊಂದು ತಮ್ಮ ಚೌಕದಲ್ಲಿ ಇನ್ನು ಮುಂದೆ ಇರುತ್ತದೆ.

ಆ ಚೌಕದೊಳಗಿನ ತಮ್ಮ ವಿಶ್ವಾಸಿ,
ವಿನಯಾ
ಉಪ್ಪುಂದ

ವಿ.ಸೂ.: ನಾನಿದನ್ನು ಮುಗಿಸುತ್ತಿರುವಾಗ ಉಮಾನಾಥರು ಬ್ರಷ್ ಹಿಡಿದು ಮಾಡಿನ ಮೇಲಿದ್ದಾರೆ. ಕೊಡೆ ಹಿಡಿಯಬೇಕಾಗಿದ್ದ ಮೋಡ ಇನ್ನೂ ಬಂದಿಲ್ಲ. “ಏ ವಿನಯಾ, ಒಂದ್ ಕೊಡಿ ತಕಂಡ್ ಬಾ” ಎಂದು ಆಗಿನಿಂದ ಕೂಗುತ್ತಿದ್ದಾರೆ. ಮಗು ಈಗಷ್ಟೇ ನಿದ್ದೆ ಹೋಗಿದೆ, ಕೂಗಬೇಡಿ, ಈ ಚೌಕದಲ್ಲಿ ಸರಾಸರಿ ಮೋಡ ಸಾಕಷ್ಟಿದೆ ಎಂದು ಕೆಳಗಿನಿಂದಲೇ ತಿಳಿಸಿದ್ದೇನೆ.